ನೂರು, ಏಳು, ನೂರಿಪ್ಪತ್ತೈದು

ಗುಲಾಬಿ ಸಾಲ್ಯಾನ್ ಬುಟ್ಟಿಯಿಂದ ಬೆರಳು ಮಡಚುತ್ತ
ನೂರು ಮರುವಾಯಿ ಎಣಿಸಿದರು, ಮೇಲೆ ನಾಲ್ಕು ಕೊಸರು.
ಹತ್ತು ಲ್ಯಾಬಿಗೆ, ಮಿಕ್ಕದ್ದು ಪುಂಡಿಗೆ ಅಂದೆ.
"ಲ್ಯಾಬಿನಲ್ಲಿ ಎಂತ ಮಾಡ್ತೀರಿ ಅದನ್ನು?"
ಓದುವುದು.
"ಓದಿ, ಓದಿ. ಬಾಯಿ ಬಿಟ್ಟದ್ದನ್ನು ಮಾತ್ರ ಬಿಸಾಡಿ,
ಅದು ಸತ್ತದ್ದು."

ಪುಂಡಿ ಅದೇ ರಾತ್ರಿ ಮುಗಿಯಿತು.
ಓದು ಮುಗಿಯಲು ಎರಡು ತಿಂಗಳು.
ಯೆಕ್ಕೂರಿನಲ್ಲಿ ಏ.ಸಿ. ಕೆಟ್ಟ ಒಂದು ಮಧ್ಯಾಹ್ನ
ಪರದೆಯ ಮೇಲೆ ಬಂದು ಕೂತವು ಮೂರು,
ಮೈರ್-ನೂರು
ಲೆಟ್-ಏಳು
ಮೈರ್-ನೂರಿಪ್ಪತ್ತೈದು.
ಸಿಟಿ ಬಸ್ಸಿನ ನಂಬರುಗಳಲ್ಲ.
ಇಪ್ಪತ್ತೆರಡೋ ಇಪ್ಪತ್ತಮೂರೋ ಅಕ್ಷರದ ಚೂರುಗಳು,
ಒಂದು ಪ್ರೋಟೀನು ಹೆಣೆಯಲೂ ಬಾರದವು,
ಹೆಣೆಯುವವರ ಬಾಯಿಗೆ ಕೈ ಅಡ್ಡ ಹಿಡಿದು
ಸಾಕು, ಇನ್ನು ಸಾಕು ಅನ್ನುವವು.

ಪ್ರೆಸಿಲ್ಲಾ ಮೇಡಂ ಕನ್ನಡಕ ಹಣೆಗೇರಿಸಿ ನೋಡಿ
"ಗೊಂಚಲು ಹಾಗೇ ಉಂಟಲ್ಲ" ಅಂದರು.
ಗೊಂಚಲಲ್ಲಿ ಮೊದಲ ದ್ರಾಕ್ಷಿ ಯಾವುದು ಮೇಡಂ?
ಇದಕ್ಕೆ ಸರದಿ ಉಂಟು.
ಹಣ್ಣಿಗೆ ಮುತ್ತುವ ನೊಣದೊಳಗೆ ಇದೇ ಸರದಿ,
ಮೌಸ್ ಮೇಲಿಟ್ಟ ನನ್ನ ಈ ಬೆರಳೊಳಗೆ ಇದೇ ಸರದಿ.
ನಾನೂ ಮರುವಾಯಿಯೂ ದಾರಿ ಬೇರೆ ಮಾಡಿಕೊಂಡಾಗ
ನೇತ್ರಾವತಿ ಹುಟ್ಟಿರಲಿಲ್ಲ,
ಯಾವ ಮೀನಿಗೂ ದವಡೆ ಮೂಡಿರಲಿಲ್ಲ.

ಎಲ್ಲ ಕಡೆ ಹೀಗೇ ಅಂತಲ್ಲ.
ಬಂಡೆಗಂಟಿದ ಕಡಲಹೂವಿನಲ್ಲಿ ನೂರು ಒಂದೇ, ಒಂಟಿ,
ಏಳು ಇನ್ನೂ ಬಂದೇ ಇಲ್ಲ.
ಒಂದು ದುಂಡುಹುಳುವಿನ ಮನೆ ಪಾಲಾಗಿದೆ,
ಒಬ್ಬೊಬ್ಬರದು ಒಂದೊಂದು ಒಲೆ,
ಆದರೂ ಏಳು ಅಲ್ಲಿ ತನ್ನ ಕೆಲಸ ಬಿಟ್ಟಿಲ್ಲ:
ಮರಿಗೆ ಹೊತ್ತಿಗೆ ಸರಿಯಾಗಿ ಹೇಳುತ್ತದೆ
ಬಾಲ್ಯ ಮುಗಿಯಿತು, ಏಳು.
ಹೇಳದೇ ಹೋದರೆ ಮರಿ
ಬೆಳೆಯುವ ಹೊತ್ತಿಗೆ ಬಿರಿದು ಸಾಯುತ್ತದೆ.

ಸಂಜೆ ಬಸ್ಸು. ತುಂಬಿ ತುಳುಕಿ.
ನೌಶೀರ್ ಫುಟ್‌ಬೋರ್ಡಿನಿಂದ ಒಂದೇ ಉಸಿರಲ್ಲಿ
ಪಂಪ್‌ವೆಲ್‌ಕಂಕನಾಡಿಜ್ಯೋತಿಹಂಪನ್ಕಟ್ಟೆಸ್ಟೇಟ್‌ಬ್ಯಾಂಕ್!
ಪಂಪ್‌ವೆಲ್ಲಿನಲ್ಲಿ ಬಾವಿ ನಾನು ಕಂಡದ್ದಿಲ್ಲ.
ಜ್ಯೋತಿಯಲ್ಲಿ ಸಿನೆಮಾ ಇಲ್ಲ.
ಹೆಸರು ಅಲ್ಲೇ, ಸರದಿ ಅದೇ.
ಇದೇ ನೋಡು, ಅಂದುಕೊಂಡೆ,
ಜೀವಕ್ಕೂ ನೆನಪು ಉಂಟು, ಹಳೆಯದರ ಮೋಹ ಉಂಟು ಅಂತ
ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದೂ ಬಿಟ್ಟೆ.

ಆಗ ಕಂಕನಾಡಿಯಲ್ಲಿ ಯಾರೋ ಚಿಲ್ಲರೆಗೆ ಜಗಳ ತೆಗೆದು
ನೌಶೀರ್ ಒಂದು ಹೆಸರು ನುಂಗಿದ.
ಜ್ಯೋತಿ ದಾಟಿತು.
ಹಿಂದಿನ ಸೀಟಿನಿಂದ ಒಬ್ಬ ಮುದುಕಿ, ಮಡಿಲಲ್ಲಿ ಎಕ್ಸ್‌ರೇ ಲಕೋಟೆ,
"ಉಂತಾಲೆ ಮಾರಾಯಾ, ಉಂತಾಲೆ!"
ಸೀಟಿ. ಬ್ರೇಕು.
ಬೈದುಕೊಳ್ಳುತ್ತ ಇಳಿದು, ಲಕೋಟೆ ಅವುಚಿ
ಅರ್ಧ ಫರ್ಲಾಂಗು ಹಿಂದಕ್ಕೆ ನಡೆದಳು.

ನಾನು ಬರೆದದ್ದನ್ನು ಹೊಡೆದು ಹಾಕಿದೆ.

ನೆನಪಲ್ಲ ಅದು. ಯಾರೂ ಜೋಪಾನ ಮಾಡಿದ್ದಲ್ಲ.
ತಪ್ಪು ಆಗುತ್ತಲೇ ಇತ್ತು, ದಿನವೂ,
ಪ್ರತಿ ಮೊಟ್ಟೆಯಲ್ಲೂ ಯಾವುದೋ ನೌಶೀರನ ನಾಲಗೆ ಎಡವುತ್ತಿತ್ತು.
ಅಲ್ಲಿ ಇಳಿದು ಹಿಂದಕ್ಕೆ ನಡೆಯಲು ರಸ್ತೆ ಇರಲಿಲ್ಲ.
ಐವತ್ತು ಕೋಟಿ ವರ್ಷ
ಬಾರದೇ ಹೋದವರು ಎಷ್ಟೋ,
ಅವರ ಲೆಕ್ಕ ಯಾವ ಕೋಶದಲ್ಲೂ ಇಲ್ಲ.
ಪರದೆಯ ಮೇಲೆ ನಾನು ಕಂಡು ಹಿಗ್ಗಿದ್ದು
ಅವರನ್ನು ಕಳೆದು ಉಳಿದ ಸಾಲು.

ಶುಕ್ರವಾರ ಮತ್ತೆ ಗುಲಾಬಿಯ ಎದುರು.
"ಓದಿ ಆಯ್ತಾ? ಎಂತ ಉಂಟು ಅದರಲ್ಲಿ?"
ನಮ್ಮಲ್ಲಿ ಇರುವುದೇ, ಅಂದೆ.
ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದರು.
ನೀರು ಚಿಮುಕಿಸಿದ ಬುಟ್ಟಿಯಲ್ಲಿ ಎಲ್ಲ ಬಾಯಿ ಮುಚ್ಚಿದ್ದವು.
"ಹಾಗಾದರೆ ಇನ್ನು ತಿನ್ನುವುದಿಲ್ವಾ?"

ನೂರು ಕೊಡಿ.